ಮೊಣಕಾಲಷ್ಟು ನೀರು

ಮನೋಳಿಯ ಕಡೆ ನಮ್ಮ ಹೊಲದಲ್ಲೊಂದು ಕೃಷಿ ಹೊಂಡ ಇದೆ. ಅದಕ್ಕೆ ಮೀನಿನ ಮರಿ ತಂದು ಬಿಟ್ಟವಳು ನಾನು. ಹತ್ತು ತಿಂಗಳು ತೌಡು, ಶೇಂಗಾ ಹಿಂಡಿ ಕಲಸಿ ಹಾಕಿದವಳೂ ನಾನೇ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಗಂಡನ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಮೀನುಗಳಷ್ಟೇ. ಅದಕ್ಕೇ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹೊಂಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಬದಿಯಲ್ಲಿ, ಮೊಣಕಾಲಿಗಿಂತ ತುಸು ಮೇಲೆ ಹರಿದಿತ್ತು. ತೇಪೆ ಹಾಕಲು ನೀರು ಇಳಿಸಬೇಕು, ಆದರೆ ಪೂರ್ತಿ ಅಲ್ಲ. ತಳದಲ್ಲಿ ಮೊಣಕಾಲಷ್ಟು ಉಳಿದರೂ ಮೀನು ಎರಡು ದಿನ ತಡೆಯುತ್ತವೆ. ಅದಕ್ಕೆ ನನ್ನ ಹತ್ತಿರ ಉಪಾಯವಿತ್ತು. ಪೈಪಿನಲ್ಲಿ ನೀರು ತುಂಬಿ, ಎರಡೂ ಬಾಯಿ ಮುಚ್ಚಿ ಹಿಡಿದು, ಒಂದು ತುದಿ ಹೊಂಡಕ್ಕೆ, ಇನ್ನೊಂದು ಕೆಳಗಿನ ಹಳ್ಳಕ್ಕೆ ಬಿಟ್ಟರೆ ನೀರು ತಾನೇ ಎಳೆದುಕೊಂಡು ಹೋಗುತ್ತದೆ. ಒಳಗಿನ ತುದಿಯನ್ನು ಕೋಲಿಗೆ ಕಟ್ಟಿ ಮೊಣಕಾಲೆತ್ತರಕ್ಕೆ ನಿಲ್ಲಿಸಿದರೆ, ನೀರು ಅಲ್ಲಿಗೆ ಇಳಿದಾಗ ಗಾಳಿ ಹೊಕ್ಕು ತಾನೇ ನಿಲ್ಲುತ್ತದೆ. ಎರಡು ದಿನ ಹಿಡಿಯುತ್ತದೆ ನಿಜ, ಆದರೆ ಕರೆಂಟು ಬೇಡ, ಕಾಯುವವರೂ ಬೇಡ.

"ಎರಡ ದಿನ ಯಾರ ಕಾಯಬೇಕು? ಮೋಟರ್ ಹಚ್ಚತೇನಿ, ಸಂಜೀಕ ಮುಗೀತದ" ಅಂದರು ನನ್ನ ಗಂಡ.

"ಮೋಟರಿಗೆ ಎಲ್ಲಿ ನಿಂದರಬೇಕು ಗೊತ್ತಾಗತದೇನ್ರಿ?" ಅಂದೆ.

ಆತುರಗಾರನಿಗೆ ಬುದ್ಧಿ ಮಟ್ಟ. ಮೋಟರಿನ ಪೈಪನ್ನು ಸೀದಾ ತಳಕ್ಕೇ ಇಳಿಸಿದರು. ಹೊಂಡ ಅರ್ಧ ಖಾಲಿಯಾಗುವಷ್ಟರಲ್ಲಿ ಕರೆಂಟು ಹೋಯಿತು. "ಉಳಿದದ್ದ ನಿನ್ನ ಪೈಪಿಲೇ ತಗಿ" ಅಂದು ಮನೆಗೆ ನಡೆದರು. ನಾನು ಸಂಜೆಗೆ ನನ್ನ ಪೈಪು ಹಚ್ಚಿ, ಹಳ್ಳಕ್ಕೆ ನೀರು ಬೀಳುವುದನ್ನು ನೋಡಿ ಮನೆಗೆ ಬಂದೆ.

ನಮ್ಮ ಕಡೆ ಹೊಲದ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅದಕ್ಕೇ ಎಲ್ಲರ ಮೋಟರಿನ ಪೆಟ್ಟಿಗೆಯಲ್ಲೂ ಆಟೋ ಸ್ವಿಚ್ಚು. ಕರೆಂಟು ಬಂದ ಕೂಡಲೇ ಮೋಟರ್ ತಾನೇ ಚಾಲೂ ಆಗುತ್ತದೆ. ಮರುದಿನ ನಸುಕಿಗೆ ಅದೇ ಆಯಿತು.

ನಾನು ಹೋಗುವಷ್ಟರಲ್ಲಿ ಮೋಟರ್ ಬರೀ ಗಾಳಿ ಎಳೆಯುತ್ತ ಒದರುತ್ತಿತ್ತು. ಓಡಿಹೋಗಿ ಬಂದ್ ಮಾಡಿದೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಕೆಸರಿನಲ್ಲಿ ನನ್ನ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು, ಕೆಲವು ಅದನ್ನೂ ನಿಲ್ಲಿಸಿದ್ದವು. ಹಳ್ಳದಿಂದ ಕೊಡಗಟ್ಟಲೆ ನೀರು ಹೊತ್ತು ಸುರಿದೆ. ಒಂದೂ ಉಳಿಯಲಿಲ್ಲ.

ಅಷ್ಟರಲ್ಲಿ ಬಾಜೂ ಹೊಲದವರು ಬುಟ್ಟಿ ಹಿಡಿದು ಬಂದರು. ಗಂಡನೂ ಬಂದರು. ಬಂದವರೇ "ಒಯ್ರಿ, ಒಯ್ರಿ, ಇಲ್ಲಾಂದ್ರ ಕೆಡತಾವ" ಅಂತ ಕೈಯೆತ್ತಿ ಹಂಚತೊಡಗಿದರು. ಮದುವೆ ಮನೆಯಲ್ಲಿ ಬಡಿಸುವವರ ಗತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ನೆರೆದವರ ಮುಂದೆಯೇ ಬಾಯಿಗೆ ಬಂದಂತೆ ಬೈದೆ. ಹತ್ತು ತಿಂಗಳಲ್ಲಿ ಒಂದು ದಿನ ಒಂದು ಹಿಡಿ ತೌಡು ಹಾಕದ ಕೈಗೆ ಹಂಚುವ ಹಕ್ಕು ಯಾರು ಕೊಟ್ಟರು ಅಂತ ಕೇಳಿದೆ.

"ಊರಾಗ ಯಾರರ ಆಟೋ ಬಂದ್ ಮಾಡಿ ಮನೀಗೆ ಹೋಗಿದ್ದ ನೋಡೀಯೇನ?" ಅಂದರು, ಮೆಲ್ಲಗೆ.

ಅದಕ್ಕೆ ಇನ್ನಷ್ಟು ಬೈದೆ, ಮಧ್ಯಾಹ್ನದವರೆಗೆ ಬೈದೆ. ಅವರು ಹೇಳಿದ್ದು ನಿಜವಾಗಿತ್ತು. ಹಿಂದಿನ ಸಂಜೆ ಕೈಕಾಲು ಒರೆಸಿಕೊಳ್ಳುತ್ತ ನಾನು ಅದೇ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಸ್ವಿಚ್ಚು ಆಟೋದಲ್ಲಿತ್ತು, ಕಣ್ಣಾರೆ ಕಂಡಿದ್ದೆ. ಯಾವತ್ತೂ ಹಾಗೇ ಇರುವುದನ್ನು ನೋಡಿದ ನನಗೆ ಏನೂ ಅನ್ನಿಸಲೇ ಇಲ್ಲ.

ಈಗಲೂ ಮನೆಯಲ್ಲಿ ಮೀನಿನ ಮಾತು ಬಂದರೆ ಅವರು ತಲೆ ತಗ್ಗಿಸಿ ಕೂಡುತ್ತಾರೆ. ನಾನು ಕೂಡಲು ಬಿಡುತ್ತೇನೆ.