ಬಾಡಿಗೆ ಕೋಣೆಯ ಕೋರ್ಸ್ ಮಂಜೂರಾದದ್ದು

ದೆಹಲಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ನಮ್ಮ ಕೋರ್ಸ್ ಸಮಿತಿಯಷ್ಟು ಕೆಲಸಕ್ಕೆ ಬಾರದ ಕೂಟವನ್ನು ಬೇರೆಲ್ಲೂ ಕಂಡಿಲ್ಲ. ಬಿ.ಕಾಂ. ಓದಲಿ, ಭೌತಶಾಸ್ತ್ರ ಓದಲಿ, ಪ್ರತಿ ವಿದ್ಯಾರ್ಥಿಯೂ ಸಮಾಜ ವಿಜ್ಞಾನದ ಒಂದು ಕೋರ್ಸನ್ನು ಕಡ್ಡಾಯವಾಗಿ ಮುಗಿಸಬೇಕು. ಯಾವ ಕೋರ್ಸು ಆ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ತೀರ್ಮಾನಿಸಲು ನಾವು ನಾಲ್ವರು. ನಾನು ಕಾರ್ಯದರ್ಶಿ. ಅಂದರೆ ಉಳಿದ ಮೂವರು ಓದದ್ದನ್ನು ಓದಿ, ಅವರು ಹೇಳದ್ದನ್ನು ಹೇಳಿದರೆಂದು ಬರೆದಿಡುವವನು.

ಅರ್ಥಶಾಸ್ತ್ರದ ಮೇಡಂ ಕಡತಕ್ಕೆ ಕೈ ಹಾಕುತ್ತಿದ್ದುದು ಸಮೋಸದ ಎಣ್ಣೆ ಒರೆಸಿಕೊಳ್ಳಲು ಹಾಳೆ ಬೇಕಾದಾಗ ಮಾತ್ರ. ಇತಿಹಾಸದವರು ಗುರುಗ್ರಾಮದಿಂದ ಮೆಟ್ರೊದಲ್ಲಿ ಬಂದು, ಮೆಟ್ರೊದ ನೂಕುನುಗ್ಗಲನ್ನು ಸವಿಸ್ತಾರವಾಗಿ ವರ್ಣಿಸಿ, ಅದೇ ಮೆಟ್ರೊ ಹಿಡಿಯಲು ಹೊರಟುಬಿಡುತ್ತಿದ್ದರು. 'ಸಂತೋಷವಾಗಿರುವುದು ಹೇಗೆ' ಎಂಬ ತಲೆಬುಡವಿಲ್ಲದ ಕೋರ್ಸ್ ಟೀ ಆರುವ ಮೊದಲೇ ಪಾಸಾಯಿತು. 'ಯೋಗ ಮತ್ತು ನಾಯಕತ್ವ' ಎಂಬುದಕ್ಕೆ ಗೋಣು ಆಡಿಸುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಅಧ್ಯಕ್ಷರು ಪುಟ ತಿರುವಿದರು, ಅದೇ ಒಪ್ಪಿಗೆ.

ಅದೇ ಕಂತೆಯಲ್ಲಿ 'ಬಾಡಿಗೆ ಕೋಣೆ' ಇತ್ತು. ಬರೆದವಳು ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ, ಕೊಡಗಿನ ಸೈನಿಕರ ಮನೆಯ ಹುಡುಗಿ, ಅಪ್ಪನ ವರ್ಗಾವಣೆಗಳ ಹಿಂದೆ ಕಂಟೋನ್ಮೆಂಟುಗಳಲ್ಲಿ ಬೆಳೆದವಳು. ಇಡೀ ಕಾಲೇಜಿನಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ, ಅದೂ ಅರ್ಧ ಹಿಂದಿ. ಅತಿಥಿಗಳಿಗೆ ಪ್ರತಿ ಸೆಮಿಸ್ಟರಿಗೂ ಹೊಸ ಆದೇಶ ಆಗಬೇಕು. ಪಾಠದ ಗಂಟೆಗಳಿದ್ದರೆ ಕರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಈ ಕೋರ್ಸ್ ಮಂಜೂರಾದರೆ ಅವಳಿಗೆ ವಾರಕ್ಕೆ ನಾಲ್ಕು ಗಂಟೆ ಸಿಗುತ್ತಿತ್ತು. ಆಗದಿದ್ದರೆ ರಜೆಯ ನಂತರ ಅವಳಿಗೆ ಕೆಲಸವೇ ಇರಲಿಲ್ಲ.

ಅವಳಿದ್ದುದು ಮುಖರ್ಜಿ ನಗರದ ಒಂದು ಕೋಣೆಯಲ್ಲಿ. ಅಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದಲು ಬಂದವರು ಕೋಣೆ ಕೇಳಿದಾಗ ಮನೆ ಮಾಲೀಕರು ಊರು ಕೇಳುತ್ತಾರೆ, ಜಾತಿ ಕೇಳುತ್ತಾರೆ, ಮಾಂಸ ತಿನ್ನುತ್ತೀರಾ, ನಿಮ್ಮನ್ನು ನೋಡಲು ಯಾರು ಬರುತ್ತಾರೆ ಎಂದು ಕೇಳುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲೂ ಬಾಡಿಗೆ ಕೋಣೆಯವರೇ ಬಹಳ. ಅವರು ತಮ್ಮನ್ನು ಕೇಳಿದ ಪ್ರಶ್ನೆಗಳನ್ನು ಇದ್ದ ಹಾಗೇ ಬರೆದು ತಂದು ತರಗತಿಯಲ್ಲಿ ಓದಬೇಕು, ಪಾಠ ಅಲ್ಲಿಂದ ಶುರುವಾಗಬೇಕು, ಇಷ್ಟೇ ಅವಳ ಯೋಜನೆ. ಓದಿದಾಗ ನನಗೆ ಅಸೂಯೆಯಾಯಿತು. ಇಷ್ಟು ವರ್ಷಗಳಲ್ಲಿ ನನಗೆ ಅಂಥದ್ದೊಂದು ಹೊಳೆದಿರಲಿಲ್ಲ.

ಅಧ್ಯಕ್ಷರಿಗೆ ರೋಹಿಣಿ ಬಡಾವಣೆಯಲ್ಲಿ ಮೂರು ಮಹಡಿಯ ಮನೆ, ಎರಡು ಮಹಡಿ ಬಾಡಿಗೆಗೆ. ಅಂದು ಮೊದಲ ಸಲ ಅವರು ಒಂದು ಪ್ರಸ್ತಾವವನ್ನು ಎರಡನೆಯ ಪುಟದವರೆಗೆ ಓದಿದರು. ಇದು ಸಮಾಜ ವಿಜ್ಞಾನವೋ ಬಾಡಿಗೆದಾರರ ಯೂನಿಯನ್ನೋ ಎಂದು ಕೇಳಿದರು. ಯಾರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕು ಎಂದು ನೋಡುವ ಹಕ್ಕು ಮಾಲೀಕನಿಗಿಲ್ಲವೇ ಎಂದರು. ಮೇಡಂ ಇನ್ನೊಂದು ಸಮೋಸ ತೆಗೆದುಕೊಂಡರು, ಇತಿಹಾಸದವರು ಗಡಿಯಾರ ನೋಡಿದರು. ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಒಪ್ಪಬಹುದು, ತಿದ್ದುವ ಹೊಣೆ ನನ್ನದು ಎಂದು ನಾನು ನಡುವೆ ಬಂದೆ. ಈ ವಾಕ್ಯ ಹೇಳುವುದರಲ್ಲಿ ನಾನು ಪಳಗಿದವನು. ಚಲೋ, ನೀವೇ ನೋಡಿ ಎಂದು ಅಧ್ಯಕ್ಷರು ಎದ್ದರು.

ಮರುದಿನ ಅವಳನ್ನು ಸ್ಟಾಫ್ ರೂಮಿಗೆ ಕರೆಸಿ ಎದುರಿಗೆ ಕೂರಿಸಿಕೊಂಡು ತಿದ್ದಿದೆ. ಹೆಸರು 'ನಗರ ವಸತಿ: ಒಂದು ಪರಿಚಯ' ಎಂದಾಯಿತು. ಜಾತಿಯ ಮಾತು ಹೋಯಿತು, ಮುಖರ್ಜಿ ನಗರವೂ ಹೋಯಿತು. ಅವಳು ಎಲ್ಲಕ್ಕೂ ಹೂಂ ಎಂದಳು. ಪ್ರಶ್ನೆಗಳನ್ನು ಬರೆದು ತರುವ ಭಾಗಕ್ಕೆ ಬಂದಾಗ ಹಾಳೆಯ ಮೇಲೆ ಕೈ ಇಟ್ಟಳು.

"ಬಾಕಿ ಎಲ್ಲಾ ತೆಗೀರಿ ಸರ್, ಚಲೇಗಾ. ಅದೊಂದು ಇರ್ಲಿ."

ಅದಿದ್ದರೆ ಪಾಸಾಗುವುದಿಲ್ಲ, ಪಾಸಾಗದಿದ್ದರೆ ನಿನಗೆ ಗಂಟೆಗಳಿಲ್ಲ ಎಂದೆ. ಮೊದಲು ಕೆಲಸ ಉಳಿಸಿಕೊ, ತರಗತಿಯ ಬಾಗಿಲು ಮುಚ್ಚಿದ ಮೇಲೆ ಏನು ಬೇಕಾದರೂ ಮಾಡಿಸು ಎಂದು ಹಿರಿಯನ ಧಾಟಿಯಲ್ಲಿ ಬುದ್ಧಿ ಹೇಳಿದೆ. ಅವಳು ಅಚ್ಛಾ ಸರ್ ಎಂದು ಕೈ ತೆಗೆದಳು. ಆ ಜಾಗದಲ್ಲಿ ಹತ್ತು ಅಂಕದ ಕಿರುಪರೀಕ್ಷೆ ಎಂದು ಬರೆದೆ. ಮುಂದಿನ ಸಭೆಯಲ್ಲಿ ಅಧ್ಯಕ್ಷರು, ಈಗ ನೋಡಿ ಶೈಕ್ಷಣಿಕವಾಯಿತು ಎಂದು ನನ್ನ ಬೆನ್ನು ತಟ್ಟಿದರು. ನನಗೆ ಅವರ ಮೇಲೆ ಹೇಸಿಗೆಯಾಯಿತು. ನನ್ನ ಚಾಣಾಕ್ಷತನದ ಬಗ್ಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ರಜೆ ಮುಗಿಯುವ ಹೊತ್ತಿಗೆ ವೇಳಾಪಟ್ಟಿ ನೋಡಿಕೊಳ್ಳುವವರು ಫೋನ್ ಮಾಡಿದರು. ನಾನು ಹೇಳಿಕೊಡುತ್ತಿದ್ದ ಒಂದು ಐಚ್ಛಿಕ ವಿಷಯಕ್ಕೆ ಆ ಸಲ ಯಾರೂ ಸೇರಿರಲಿಲ್ಲ, ಅದರಿಂದ ನನಗೆ ವಾರಕ್ಕೆ ನಾಲ್ಕು ಗಂಟೆ ಕಡಿಮೆ ಬಿದ್ದಿತ್ತು. ಕಾಯಂ ಅಧ್ಯಾಪಕರ ಗಂಟೆ ತುಂಬಿದ ಮೇಲೆ ಉಳಿದದ್ದು ಅತಿಥಿಗಳಿಗೆ ಎಂಬುದು ನಮ್ಮಲ್ಲಿನ ನಿಯಮ. ಆ ವಸತಿ ಕೋರ್ಸ್ ನೀವೇ ತೆಗೆದುಕೊಳ್ಳಿ, ಯಾರು ಬೇಕಾದರೂ ಹೇಳಿಕೊಡುವ ಹಾಗಿದೆ ಎಂದರು ಅವರು. ಹಾಗೆ ಮಾಡಿದವನು ನಾನೇ. ಬೇಡ ಎನ್ನಬಹುದಿತ್ತು. ಗಂಟೆ ಕಡಿಮೆಯಾದರೆ ನನ್ನಂಥವನಿಗೆ ಆಗುವುದು ಪ್ರಿನ್ಸಿಪಾಲರಿಂದ ಒಂದು ಪತ್ರ, ಹೆಚ್ಚೆಂದರೆ ಲೈಬ್ರರಿ ಸಮಿತಿಯ ಬೇಸರದ ಕೆಲಸ. ನನಗೆ ಅಷ್ಟೂ ಬೇಡವಾಗಿತ್ತು. ನಿಯಮಕ್ಕೆ ನಾನೇನು ಮಾಡಲಿ ಎಂದುಕೊಂಡು ಒಪ್ಪಿದೆ.

ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ನೋಡಿ ಅವಳೇ ಫೋನ್ ಮಾಡಿದಳು. ಬಯ್ಯುತ್ತಾಳೆಂದು ತಯಾರಾಗಿದ್ದೆ, ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವಳು ಆ ವಿಷಯವನ್ನೇ ಎತ್ತಲಿಲ್ಲ. ಕೋಣೆ ಖಾಲಿ ಮಾಡಿ ಅಪ್ಪ ಅಮ್ಮನ ಹತ್ತಿರ ಹೋಗುತ್ತಿದ್ದೇನೆ ಎಂದಳು.

"ಸರ್, ಪೂರಾ ಸೆಮಿಸ್ಟರಿನ ನೋಟ್ಸ್ ರೆಡಿ ಮಾಡಿಟ್ಟಿದ್ದೆ. ನಿಮಗೆ ಬೇಕಾಗುತ್ತಾ?"

ಸಮಿತಿಯ ಆ ಮೂವರನ್ನು ಇಷ್ಟು ವರ್ಷ ಮನಸ್ಸಿನಲ್ಲೇ ತುಚ್ಛವಾಗಿ ಕಂಡಿದ್ದೆ. ಅವರಲ್ಲಿ ಯಾರೂ ಇಷ್ಟು ಕೆಳಗೆ ಇಳಿದಿರಲಿಲ್ಲ. ಪಾಠ ಶುರುವಾಗಲು ಮೂರೇ ದಿನ ಉಳಿದಿತ್ತು, ನಾನು ಒಂದು ಪುಟವನ್ನೂ ಸಿದ್ಧ ಮಾಡಿಕೊಂಡಿರಲಿಲ್ಲ.

ಕಳಿಸಮ್ಮ ಎಂದೆ.