ಜೂನ್ ಒಂದರ ಹುಡುಗಿ

ನಮ್ಮ ಸಾತಪುಡಾ ಗುಡ್ಡದ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೇ. ಶಾಲೆಗೆ ಸೇರಿಸುವಾಗ ಮಾಸ್ತರರು ತಾರೀಖು ಕೇಳುತ್ತಾರೆ, ತಾಯಂದಿರು ಹಿಪ್ಪೆ ಹೂ ಬೀಳುವ ಕಾಲ ಎನ್ನುತ್ತಾರೆ, ಮಾಸ್ತರರು ಜೂನ್ ಒಂದು ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ.

ಆದರೆ ರಂಜೀಲಾ ಪಾವರಾಳ ವರ್ಷವನ್ನೂ ತಪ್ಪು ಬರೆಸಿದವಳು ನಾನು, ಈ ಊರಿನ ಆಶಾ ಕಾರ್ಯಕರ್ತೆ. ಆಗ ಅವಳಿಗೆ ಐದು ತುಂಬಿ ಮೂರು ತಿಂಗಳು. ಆರು ತುಂಬದೆ ವಸತಿಶಾಲೆಗೆ ಸೇರಿಸುತ್ತಿರಲಿಲ್ಲ, ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. "ಆರು ತುಂಬಿದೆ, ಬರ್ಕೊಳ್ಳಿ ಮಾಸ್ತರೇ" ಅಂದುಬಿಟ್ಟೆ. ಹುಡುಗಿಗೆ ಹೊಟ್ಟೆತುಂಬ ಊಟ ಸಿಕ್ಕಿತು, ಚೆನ್ನಾಗಿಯೂ ಓದಿದಳು. ಹನ್ನೊಂದನೇ ವಯಸ್ಸಿನಲ್ಲಿ ಕೀಲು ಹಿಂಡುವ ನೋವು ಬಂದಾಗ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ಅಂದಿನಿಂದ ತಾಲೂಕು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತಿಂಗಳಿಗೊಮ್ಮೆ ಪುಕ್ಕಟೆ ಮಾತ್ರೆ. ಅದು ತಪ್ಪಿದ ತಿಂಗಳು ಅವಳು ಚಾಪೆ ಬಿಟ್ಟು ಏಳಲಾರಳು.

ಈ ಜೂನ್‌ನಲ್ಲಿ ಆಸ್ಪತ್ರೆಯ ಗುಮಾಸ್ತ, ಶಾಲೆಯ ತಾರೀಖೇ ಇದ್ದ ಅವಳ ಆಧಾರ್ ಕಾರ್ಡು ನೋಡಿದ. "ಹದಿನೆಂಟಾಯ್ತಲ್ಲ! ಇನ್ನು ದೊಡ್ಡೋರ ವಿಭಾಗ. ಜಿಲ್ಲಾ ಆಸ್ಪತ್ರೆಗೆ ಹೋಗಿ."

ಎಂಬತ್ತು ಕಿಲೋಮೀಟರ್, ಎರಡು ಜೀಪು ಬದಲಿಸಬೇಕು. ನೋವಿದ್ದವಳು ಹೋಗುವುದು ಹೇಗೆ? ನನಗೆ ಮೈಯೆಲ್ಲ ಉರಿಯಿತು. ನೇರ ಡಾಕ್ಟರಮ್ಮನ ಕೋಣೆಗೆ ನುಗ್ಗಿದೆ.

"ಅವಳಿಗಿನ್ನೂ ಹದಿನೇಳೇ ಮೇಡಂ. ಹದಿನೆಂಟು ತುಂಬೋದು ಬರೋ ಹೋಳಿ ಹಬ್ಬಕ್ಕೆ. ಸುಳ್ಳು ಬರೆಸಿದ್ದು ನಾನು. ಬೇಕಾದ್ರೆ ನನ್ನ ಕೆಲಸ ತೆಗೀರಿ, ಮಾತ್ರೆ ನಿಲ್ಲಿಸ್ಬೇಡಿ."

"ಯಾಕೆ ಬರೆಸಿದ್ರಿ?"

"ಹಸ್ಕೊಂಡಿತ್ತು ಕೂಸು."

ಡಾಕ್ಟರಮ್ಮ ಕಾರ್ಡು ತೆಗೆದುಕೊಂಡು ನೋಡಿದರು. "ಕಾರ್ಡು ತಿದ್ದೋದು ನನ್ನ ಕೈಲಿಲ್ಲ. ಹೋಳಿವರೆಗೂ ಮಾತ್ರೆ ಇಲ್ಲೇ ಕೊಡ್ತೀನಿ. ಅಷ್ಟರಲ್ಲಿ ಜಿಲ್ಲಾ ಆಸ್ಪತ್ರೆಗೆ ಒಂದ್ಸಲ ಕರ್ಕೊಂಡು ಹೋಗಿ, ಪರಿಚಯ ಆಗಲಿ."

ಹೊರಗೆ ಬೆಂಚಿನ ಮೇಲಿದ್ದ ರಂಜೀಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆಂದುಕೊಂಡೆ. ಅವಳು ಬೆರಳು ಮಡಚುತ್ತಿದ್ದಳು.

"ಕಾಕಿ, ಹಾಗಾದ್ರೆ ನಾನು ಒಂಬತ್ತು ತಿಂಗಳು ಚಿಕ್ಕೋಳಾ?"

"ಹೂಂ ಕಣೇ. ನನ್ನಿಂದ ತಪ್ಪಾಯ್ತು."

ಅವಳ ಮುಖ ಅರಳಿತು. "ಈ ಕಾಯಿಲೆಯೋರು ಇಪ್ಪತ್ತು ದಾಟಲ್ಲ ಅಂತಾರಲ್ಲ ಹಾಸ್ಟೆಲ್‌ನಲ್ಲಿ? ಹಾಗಾದ್ರೆ ನಂಗೆ ಇನ್ನೂ ಒಂಬತ್ತು ತಿಂಗಳು ಜಾಸ್ತಿ ಇದೆ!"

ಆರು ವರ್ಷ ಇವಳನ್ನು ಮಾತ್ರೆಗೆ ಕರೆತಂದೆ. ಒಳಗೊಳಗೇ ಏನನ್ನು ಎಣಿಸುತ್ತಿದ್ದಾಳೆಂದು ಒಂದು ದಿನವೂ ಕೇಳಿರಲಿಲ್ಲ. ಇಪ್ಪತ್ತರ ಮಾತು ಸುಳ್ಳೆಂದು ಡಾಕ್ಟರ ಬಾಯಿಂದಲೇ ಕೇಳಲಿ ಎಂದು ಅವಳ ಕೈ ಹಿಡಿದು ಮತ್ತೆ ಡಾಕ್ಟರಮ್ಮನ ಕೋಣೆಗೆ ಎಳೆದುಕೊಂಡು ಹೋದೆ.