ಅತ್ತೆಯ ಬಾಲ್ಕನಿ, ಆಂಟಿಯ ಚಾವಣಿ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಮ್ಮ ಅತ್ತೆ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. "ಊರವರ ಮನೆ ಬೂಷ್ಟು ನೋಡ್ಕೊಂಡು ಬರ್ತಾಳೆ" ಎಂದು ತಾವೇ ಹೇಳಿಬಿಡುತ್ತಾರೆ. ನಾನು ವಿಮಾ ಸರ್ವೇಯರ್. ಪೈಪು ಒಡೆದು, ಟ್ಯಾಂಕು ತುಂಬಿ ಹರಿದು, ಮಳೆನೀರು ನುಗ್ಗಿ ಹಾಳಾದ ಮನೆಗಳಿಗೆ ಹೋಗಿ, ನೀರು ಎಲ್ಲಿಂದ ಬಂತು, ಎಂದಿನಿಂದ ಬರುತ್ತಿದೆ ಎಂದು ಪತ್ತೆಹಚ್ಚಿ ವರದಿ ಬರೆದುಕೊಡುವುದು ನನ್ನ ಕಸುಬು. ಗುರುಗ್ರಾಮದಿಂದ ಗಾಜಿಯಾಬಾದಿನವರೆಗೆ ಎಷ್ಟು ಗೋಡೆ ತಟ್ಟಿ ನೋಡಿದ್ದೇನೋ ಲೆಕ್ಕವಿಲ್ಲ. ಅತ್ತೆ ಹೇಳುವುದರಲ್ಲಿ ತಪ್ಪೇನೂ ಇಲ್ಲ, ಆದರೂ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ಸುಳ್ಳು ಹೇಳುವವರನ್ನು ಕಂಡರೆ ಮೈ ಉರಿಯುತ್ತದೆ. ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿ ಒಬ್ಬರು, ಮಂಚದ ಹಿಂದೆ ಕರ್ರಗೆ ಬೂಷ್ಟು ಹಬ್ಬಿದ ಗೋಡೆ ತೋರಿಸಿ, "ಕಲ್ ಹೀ ಹುವಾ, ಮೇಡಂ" ಎಂದರು. ನಿನ್ನೆ ಆದದ್ದಂತೆ! ಗೋಡೆಗೆ ವಯಸ್ಸು ಮುಚ್ಚಿಡಲು ಬರುವುದಿಲ್ಲ. ನಿನ್ನೆ ನೆನೆದ ಗೋಡೆ ಬರೀ ಒದ್ದೆಯಾಗಿರುತ್ತದೆ. ತಿಂಗಳುಗಟ್ಟಲೆ ನೆನೆದದ್ದರ ಮೇಲೆ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ, ಪೇಂಟು ಹಪ್ಪಳದಂತೆ ಉಬ್ಬುತ್ತದೆ, ಆಮೇಲೆ ಕಪ್ಪು ಚುಕ್ಕೆಗಳು. ಇನ್ನು ಕೆಲವರು ನಾನು ಬರುವ ಮುಂಚೆಯೇ ಬೂಷ್ಟಿನ ಮೇಲೆ ಬಣ್ಣ ಬಳಿದು ಕಾಯುತ್ತಿರುತ್ತಾರೆ. ಮೊದಲು ನೀರು ನಿಲ್ಲಿಸಿ, ಫೋಟೊ ತೆಗೆಯಿರಿ, ಕಿಟಕಿ ತೆರೆದು ಒಣಗಿಸಿ, ಬಣ್ಣ ಕೊನೆಗೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ನಾವಿರುವುದು ಗಾಜಿಯಾಬಾದಿನ ಒಂದು ಹಳೆಯ ಕಾಲೊನಿಯಲ್ಲಿ, ಮೊದಲ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಪಂಜಾಬಿ ಆಂಟಿ ಒಬ್ಬರೇ ಇದ್ದಾರೆ, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅತ್ತೆ ತುಮಕೂರಿನಿಂದ ನಮ್ಮ ಜೊತೆ ಇರಲು ಬಂದಾಗ ಅವರಿಗೆ ಹಿಂದಿಯಲ್ಲಿ ಪಾನಿ, ಚಾಯ್, ಅಚ್ಛಾ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಒಂದು ವಾರ ಮುಖ ಊದಿಸಿಕೊಂಡು ಕೂತಿದ್ದರು. ಎಂಟನೇ ದಿನ ಆಂಟಿ ಮೇಲೆ ಬಂದು, ಒಂದು ಬುಟ್ಟಿ ಹಸಿ ಬಟಾಣಿಯನ್ನು ಅತ್ತೆಯ ಮುಂದೆ ಸುರಿದು, ತಾವೂ ಕೂತು ಬಿಡಿಸತೊಡಗಿದರು. ಅಲ್ಲಿಂದ ಶುರುವಾಯಿತು. ದಿನಾ ನಾಲ್ಕು ಗಂಟೆಗೆ ಅತ್ತೆ ಕೆಳಗಿಳಿದು ಆಂಟಿಯ ಹಿತ್ತಲಿನಲ್ಲಿ ಹಗ್ಗದ ಮಂಚದ ಮೇಲೆ ಕೂರುತ್ತಾರೆ. ಇವರು ಕನ್ನಡದಲ್ಲಿ ಸೊಸೆಯನ್ನು ಆಡಿಕೊಳ್ಳುತ್ತಾರೆ, ಅವರು ಪಂಜಾಬಿಯಲ್ಲಿ ಸೊಸೆಯನ್ನು ಆಡಿಕೊಳ್ಳುತ್ತಾರೆ, ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತದೆ. ಆ ಒಂದು ಗಂಟೆ ಇಲ್ಲದಿದ್ದರೆ ಅತ್ತೆ ಎಂದೋ ತುಮಕೂರಿನ ರೈಲು ಹತ್ತಿರುತ್ತಿದ್ದರು. ಅದು ನನಗೂ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು.

ಎರಡು ವರ್ಷ ಹೀಗೇ ನಡೆಯಿತು. ಹೋದ ಸಲ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಆಂಟಿ ನನ್ನನ್ನು ಕರೆದು ತಮ್ಮ ಮಲಗುವ ಕೋಣೆಯ ಚಾವಣಿ ತೋರಿಸಿದರು. ದೊಡ್ಡ ಹರಿವಾಣದಷ್ಟು ಅಗಲ ಕಪ್ಪು ಕಲೆ. "ದೇಖೋ ಬೇಟಾ, ಸೀಲನ್" ಎಂದರು. ಗೋಡೆಯಲ್ಲಿ ನೀರಿನ ಪಸೆ ಕೂತರೆ ಇಲ್ಲಿಯವರು ಹೇಳುವ ಮಾತು ಅದು. ಆ ಕಲೆ ಬಂದಾಗಿನಿಂದ ಆಂಟಿಗೆ ಕೆಮ್ಮು. ಗುರುಗ್ರಾಮದಲ್ಲಿರುವ ಅವರ ಮಗ ಕಡ್ಡಿ ಮುರಿದಂತೆ ಹೇಳಿದ್ದರು: ಮಂಜು ಬೀಳುವ ಮೊದಲು ಮಮ್ಮಿಯನ್ನು ನಮ್ಮಲ್ಲಿಗೆ ಕರೆದೊಯ್ಯುತ್ತೇನೆ, ಈ ಮನೆಗೆ ಬೀಗ. ಆಂಟಿಗೆ ಹೋಗಲು ಸುತಾರಾಂ ಇಷ್ಟವಿಲ್ಲ. "ಇದಕ್ಕೆ ಇಲಾಜ್ ಇದೆ, ಸರಿಮಾಡಬಹುದು ಅಂತ ಅವನಿಗೆ ಹೇಳು, ನಿನ್ನ ಮಾತು ಕೇಳುತ್ತಾನೆ" ಎಂದು ನನ್ನ ಕೈ ಹಿಡಿದುಕೊಂಡರು. ವಿಮೆಯ ಕಾಗದಗಳನ್ನೂ ತೆಗೆದಿಟ್ಟಿದ್ದರು. ನೆರೆಮನೆಯ ಕ್ಲೇಮನ್ನು ನಾನು ನೋಡುವ ಹಾಗಿಲ್ಲ, ಆದರೆ ನೀರಿನ ಮೂಲ ಹುಡುಕಿಕೊಡುತ್ತೇನೆ ಎಂದೆ.

ಮಳೆ ನಿಂತು ತಿಂಗಳಾಗಿತ್ತು, ಕಲೆ ಮಾತ್ರ ಬೆಳೆಯುತ್ತಲೇ ಇತ್ತು. ಹಾಗಾದರೆ ಮಳೆಯದಲ್ಲ. ಆ ಭಾಗದಲ್ಲಿ ಪೈಪೂ ಇಲ್ಲ. ಅದರ ಮೇಲಿರುವುದು ನಮ್ಮ ಹಿಂದಿನ ಬಾಲ್ಕನಿ. ಅಲ್ಲಿ ತುಳಸಿ ಕುಂಡ ಮತ್ತು ಬಟ್ಟೆ ಒಣಹಾಕುವ ತಂತಿ ಬಿಟ್ಟರೆ ಏನಿದೆ? ಬಾಲ್ಕನಿಯ ಮೂಲೆಯಲ್ಲಿ ನೀರು ಹೊರಹೋಗುವ ತೂತಿದೆ, ಹೊಯ್ದ ನೀರೆಲ್ಲ ಅಲ್ಲಿಂದ ಹಿತ್ತಲಿಗೆ ಬೀಳಬೇಕು. ಆದರೂ ಅನುಮಾನ ಬೇಡವೆಂದು ಭಾನುವಾರ ಪರೀಕ್ಷೆ ಮಾಡಲು ಹೊರಟೆ. ಅದೇನೂ ದೊಡ್ಡ ವಿದ್ಯೆಯಲ್ಲ. ತೂತು ಮುಚ್ಚಿ, ಬಣ್ಣ ಕಲಸಿದ ನೀರು ನಿಲ್ಲಿಸಿ, ಕೆಳಗೆ ಬಣ್ಣ ಇಳಿಯುತ್ತದೆಯೇ ನೋಡುವುದು.

ಭಾನುವಾರ ನಾನು ಎಂಟಕ್ಕೆ ಮೊದಲು ಏಳುವವಳಲ್ಲ. ಅಂದು ಆರಕ್ಕೇ ಎದ್ದು, ಕೈಯಲ್ಲಿ ಹಳೆಯ ಬಟ್ಟೆ ಹಿಡಿದು ಬಾಲ್ಕನಿಗೆ ಹೋದರೆ, ಅತ್ತೆ ಆಗಲೇ ಅಲ್ಲಿದ್ದಾರೆ. ಟವೆಲ್ಲಿನ ತುಂಡೊಂದನ್ನು ಉಂಡೆ ಮಾಡಿ ತೂತಿಗೆ ಒತ್ತಿ ತುರುಕಿದರು. ಮೂರು ಬಕೆಟ್ ನೀರು ಸುರಿದು ಕಡ್ಡಿಪೊರಕೆಯಿಂದ ಗಸಗಸ ಉಜ್ಜಿದರು. ಆಮೇಲೆ ಆ ನೀರನ್ನು ಹಾಗೇ ಬಿಟ್ಟು ದೇವರ ದೀಪ ಹಚ್ಚಲು ಹೊರಟರು.

"ಅತ್ತೆ, ಇದೇನು ಮಾಡ್ತಿದ್ದೀರಿ?"

"ದಿನಾ ಮಾಡೋದೇ ಕಣೆ. ಪೂಜೆ ಮುಗಿಸಿ ಬಂದು ಮಗ್ಗಲ್ಲಿ ತುಂಬಿ ಬಾತ್‌ರೂಮಿಗೆ ಚೆಲ್ತೀನಿ."

"ತೂತು ಯಾಕೆ ಮುಚ್ಚಿದಿರಿ?"

"ಕೆಳಗೆ ಬೆಹೆನ್‌ಜೀ ಉಪ್ಪಿನಕಾಯಿ ಭರಣಿ ಬಿಸಿಲಿಗಿಟ್ಟಿರ್ತಾರೆ. ನಮ್ಮನೆ ಕೊಳೆ ನೀರು ಅದರ ಮೇಲೆ ಬೀಳಲ್ವಾ?"

ನಾವು ಸರ್ವೇಯರುಗಳು ಒಂದು ದಿನ ಮಾಡುವ ಪರೀಕ್ಷೆಯನ್ನು ನಮ್ಮ ಅತ್ತೆ ಎರಡು ವರ್ಷದಿಂದ ಒಂದು ದಿನವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದರು. ಊರೆಲ್ಲ ನೀರಿನ ಜಾಡು ಹಿಡಿಯುವ ನಾನು ಒಳಗೆ ಹೊದ್ದು ಮಲಗಿದ್ದೆ. ಆದರೂ ಖಾತ್ರಿಯಾಗಬೇಕಲ್ಲ ಎಂದು ಅಡುಗೆಮನೆಯಿಂದ ಕೇಸರಿಬಾತಿನ ಬಣ್ಣ ತಂದು ಆ ನೀರಿಗೆ ಸುರಿದೆ. "ಇವತ್ತು ಇದನ್ನ ಚೆಲ್ಲಬೇಡಿ" ಎಂದೆ. ಅಷ್ಟು ಬಣ್ಣದಲ್ಲಿ ಹತ್ತು ಸಲ ಕೇಸರಿಬಾತು ಆಗುತ್ತಿತ್ತು ಎಂದು ಅತ್ತೆ ಗೊಣಗಿದರು.

ಗಂಡನಿಗೆ ವಿಷಯ ಹೇಳಿದೆ. ಅವರು ಕೇಂದ್ರ ಸರ್ಕಾರದ ಅಧಿಕಾರಿ. "ಸದ್ಯಕ್ಕೆ ಫೈಲು ಪೆಂಡಿಂಗ್ ಇಡು" ಎಂದರು. ನನಗೂ ಬೇರೇನೂ ತೋಚಲಿಲ್ಲ. ತನ್ನ ಗೆಳತಿಯನ್ನು ಮನೆ ಬಿಡಿಸುತ್ತಿರುವುದು ತಾನೇ ಎಂದು ಅತ್ತೆಗೆ ಹೇಗೆ ಹೇಳುವುದು? ಹಳೆಯ ಸ್ಲ್ಯಾಬು, ಬಿಲ್ಡರ್ ವಾಟರ್‌ಪ್ರೂಫಿಂಗ್ ಸರಿಯಾಗಿ ಮಾಡಿಲ್ಲ ಎಂದುಬಿಡೋಣ ಎಂದುಕೊಂಡೆ. ಅದು ಅರ್ಧ ನಿಜವೂ ಹೌದು.

ಅಂದು ಆಂಟಿಯ ಮಗನೂ ಬಂದಿದ್ದರು. ನಾಲ್ಕು ಗಂಟೆಗೆ ನಾವೆಲ್ಲ ಆ ಕೋಣೆಯಲ್ಲಿ ತಲೆಯೆತ್ತಿ ನಿಂತೆವು. ಕಪ್ಪು ಕಲೆಯ ನಡುವೆ ಅಚ್ಚ ಕೇಸರಿ ಬಣ್ಣದ ಹನಿಯೊಂದು ತೂಗುತ್ತಿತ್ತು. "ಇದು ಬಿಲ್ಡರ್..." ಎಂದು ನಾನು ಬಾಯಿ ತೆರೆದೆ.

"ಸುಮ್ನಿರೇ" ಎಂದರು ಅತ್ತೆ. ಆ ಹನಿಯನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತ್ತು. ಆಂಟಿಯ ಮುಂದೆ ಹೋಗಿ ನಿಂತು ಎದೆ ಮುಟ್ಟಿಕೊಂಡರು. "ಬೆಹೆನ್‌ಜೀ, ಪಾನಿ ಮೇರಾ. ಖಾಂಸಿ ಭೀ ಮೇರಾ." ನೀರು ನನ್ನದು, ನಿಮ್ಮ ಕೆಮ್ಮೂ ನನ್ನದೇ ಎಂದು. ಅತ್ತೆಯ ಕಣ್ಣು ತುಂಬಿ ಬಂತು.

ತೂತು, ಟವೆಲ್ ತುಂಡು, ಭರಣಿ, ಎಲ್ಲವನ್ನೂ ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಆಂಟಿ ಮಂಚದ ಮೇಲೆ ಕೂತರು. ಆಮೇಲೆ ನಗಲು ಶುರು ಮಾಡಿದರು ನೋಡಿ, ನಕ್ಕು ನಕ್ಕು ಕೆಮ್ಮಿ, ಕೆಮ್ಮಿ ಮತ್ತೆ ನಕ್ಕರು. "ಎರಡು ವರ್ಷದಿಂದ ಮೇಲಿಂದ ಒಂದು ಹನಿ ನೀರು ಬಿದ್ದದ್ದು ನೋಡಿಲ್ಲ. ಮೇಲಿನವರು ಪೂಜೆ ಬಹಳ ಮಾಡ್ತಾರೆ, ಆದರೆ ಬಾಲ್ಕನಿ ತೊಳೆಯೋದೇ ಇಲ್ಲ ಅಂತ ಇಡೀ ಗಲ್ಲಿಗೆ ಹೇಳಿಕೊಂಡು ಬಂದಿದ್ದೇನಲ್ಲ!"

"ಏನಂತೆ?" ಎಂದರು ಅತ್ತೆ. ಹೇಳಿದೆ. ಅತ್ತೆಯ ಅಳು ಥಟ್ಟನೆ ನಿಂತಿತು. "ನಾನಾ? ಬಾಲ್ಕನಿ ತೊಳೆಯಲ್ವಂತಾ? ನಾನಾ?" ಅಷ್ಟು ಹೊತ್ತಿನ ಪಶ್ಚಾತ್ತಾಪವೆಲ್ಲ ಎಲ್ಲಿ ಹೋಯಿತೋ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ಗಂಭೀರವಾಗಿದ್ದ ಮಗನೂ ಗೋಡೆಯ ಕಡೆ ತಿರುಗಿ ನಕ್ಕರು.

ವಿಮೆಯ ಕಾಗದಗಳನ್ನು ಆಂಟಿ ಮಡಿಸಿಟ್ಟರು. ನಿಧಾನವಾಗಿ ಇಳಿದ ನೀರಿಗೆ ಅವರ ಪಾಲಿಸಿಯಲ್ಲಿ ಪರಿಹಾರವಿರಲಿಲ್ಲ. ರಿಪೇರಿಯೆಲ್ಲ ನಮ್ಮದು ಎಂದೆವು. ಬಾಲ್ಕನಿಯ ಟೈಲ್ಸ್ ಕೀಳಬೇಕು, ತೂತಿನ ಕಡೆಗೆ ಇಳಿಜಾರು ಕೊಟ್ಟು ವಾಟರ್‌ಪ್ರೂಫಿಂಗ್ ಹಾಕಬೇಕು, ಕೆಳಗೆ ಬೂಷ್ಟು ಹಿಡಿದ ಗಾರೆ ಕೆರೆದು ಚಾವಣಿ ಒಣಗಿಸಬೇಕು. ಕನಿಷ್ಠ ಮೂರು ವಾರ ಆ ಕೋಣೆಯಲ್ಲಿ ಮಲಗುವ ಹಾಗಿಲ್ಲ. "ಹಾಗಾದರೆ ಅಲ್ಲಿಯವರೆಗೆ ಮಮ್ಮಿ ನಮ್ಮಲ್ಲಿರಲಿ" ಎಂದರು ಮಗ. ಆಂಟಿಯ ನಗು ಮಾಯವಾಯಿತು. ಒಮ್ಮೆ ಹೋದ ಪೆಟ್ಟಿಗೆ ಹಿಂದಿರುಗುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಮಂಚದ ಮೇಲಿದ್ದ ಆಂಟಿಯ ದಿಂಬನ್ನು ಬಗಲಿಗೆ ಇರುಕಿಕೊಂಡು, ಬೆರಳು ಮೇಲೆತ್ತಿ, "ಊಪರ್" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ದಿಂಬಿನ ಹಿಂದೆ ಆಂಟಿಯೂ ಹತ್ತಿದರು.

ಆ ಮೂರು ವಾರ ನಮ್ಮ ಮನೆ ಮದುವೆ ಮನೆಯಾಗಿತ್ತು. ಬೆಳಿಗ್ಗೆ ಮೂಲಂಗಿ ಪರಾಠ, ಮಧ್ಯಾಹ್ನ ಬಿಸಿಬೇಳೆ ಭಾತ್. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ನಾನು ಮನೆಗೆ ಬಂದ ಕೂಡಲೇ ನನ್ನನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು. ಬಾಲ್ಕನಿ ಕೆಲಸಕ್ಕೆ ಬಂದ ಮೇಸ್ತ್ರಿಗೆ ಒಬ್ಬರು ಕನ್ನಡದಲ್ಲಿ, ಒಬ್ಬರು ಪಂಜಾಬಿಯಲ್ಲಿ ಇಳಿಜಾರಿನ ಪಾಠ ಹೇಳುತ್ತಿದ್ದರು. ಆಂಟಿಯ ಕೆಮ್ಮು ಎಂದು ನಿಂತಿತೆಂದು ಯಾರಿಗೂ ನೆನಪಿಲ್ಲ.

ಮೂರನೇ ಭಾನುವಾರ ಮಗ ಬಂದು, ಮೇಲೆ ಮಮ್ಮಿಯನ್ನು ಮಾತಾಡಿಸಿ, ನನ್ನೊಡನೆ ಕೆಳಗಿನ ಕೋಣೆಗೆ ಇಳಿದರು. ನಾನು ತೇವ ಅಳೆಯುವ ಮೀಟರನ್ನು ಅವರೆದುರೇ ಚಾವಣಿಯ ಉದ್ದಗಲಕ್ಕೂ ಒತ್ತಿ ತೋರಿಸಿದೆ. ಎಲ್ಲಿಯೂ ಹಸಿಯಿಲ್ಲ. ಅವರು ಸ್ಟೂಲು ಹತ್ತಿ ಅಂಗೈಯಿಟ್ಟು ನೋಡಿದರು. ಕೆಳಗಿಳಿದು, "ಠೀಕ್ ಹೈ, ಮಮ್ಮಿ ಇಲ್ಲೇ ಇರಲಿ" ಎಂದರು. ಅವರ ಕಾರು ತಿರುವು ದಾಟಿದ್ದೇ ತಡ, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಮೇಲೆ ಓಡಿದೆ. ಅಷ್ಟು ಸಂತೋಷ ನನಗೆ ಯಾವ ಕ್ಲೇಮು ಮುಗಿಸಿದಾಗಲೂ ಆಗಿರಲಿಲ್ಲ.

"ಆಂಟಿ, ಎಲ್ಲಾ ಒಣಗಿದೆ! ಮಗ ಒಪ್ಪಿದರು. ಇವತ್ತೇ ನಿಮ್ಮ ಮನೆಗೆ ಹೋಗಬಹುದು."

ಇಬ್ಬರೂ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಆಂಟಿ ಕೈಮುಗಿದು ಚಾವಣಿ ನೋಡಿದರು, ಅತ್ತೆ ಅವರ ತೊಡೆ ತಟ್ಟಿದರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಸೊಪ್ಪಿನ ದಂಟು ಮುರಿಯುತ್ತಾ, ನನ್ನ ಕಡೆ ತಿರುಗದೆ, ಮೆಲ್ಲಗೆ ಹೇಳಿದರು:

"ಮೂಲೇಲಿ ಸರಿಯಾಗಿ ನೋಡಿದ್ಯೇನೇ? ಇನ್ನೂ ಹಸಿ ಇರಬಹುದು."

ಮೀಟರು ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಚೀಲದೊಳಗೆ ಹಾಕಿ ಜಿಪ್ ಎಳೆದೆ.

"ಹೌದು ಅತ್ತೆ, ಮೂಲೇಲಿ ಸ್ವಲ್ಪ ಹಸಿ ಇದೆ. ಇನ್ನೊಂದು ವಾರ ಬೇಕಾಗುತ್ತೆ" ಎಂದೆ.